ಒರೆಸುವ ಮೇಜು

ಅವಳ ಕೆಲಸ ಒರೆಸುವುದು. ಬೆಳಿಗ್ಗೆ ಎಂಟಕ್ಕೆ ಸೈರನ್ ಕೂಗಿದ ಕೂಡಲೇ ಅವಳ ಎಡಗಡೆ ಒಂದು ರಟ್ಟಿನ ಪೆಟ್ಟಿಗೆ ಬಂದು ಕೂರುತ್ತಿತ್ತು. ಅದರೊಳಗೆ ನೂರು ಬಲ್ಬು, ಎಲ್ಲೋ ಸಮುದ್ರದಾಚೆ ತಯಾರಾಗಿ ಹಡಗಿನಲ್ಲಿ ಬಂದವು. ಪ್ರತಿಯೊಂದರ ಬಿಳಿ ಪ್ಲಾಸ್ಟಿಕ್ ಕತ್ತಿನ ಸುತ್ತ, ಅವಳಿಗೆ ಓದಲು ಬಾರದ ಲಿಪಿಯಲ್ಲಿ, ಬೂದು ಬಣ್ಣದ ಒಂದು ಸಾಲು. ಹತ್ತಿಯ ಉಂಡೆಯನ್ನು ಬಣ್ಣ ಕರಗಿಸುವ ತಿನ್ನರಿನಲ್ಲಿ ಅದ್ದಿ ಆ ಸಾಲನ್ನು ಉಜ್ಜಿ ಅಳಿಸಬೇಕು, ಅಳಿಸಿದ್ದನ್ನು ಬಲಗಡೆಗೆ ತಳ್ಳಬೇಕು. ಬಲಗಡೆ ಕೂತ ಗೆಳತಿ ಅದೇ ಜಾಗದಲ್ಲಿ ಕಾರ್ಖಾನೆಯ ಹೆಸರನ್ನೂ, ಹೆಸರಿನ ಕೆಳಗೆ ‘ನಮ್ಮ ನಾಡಿನಲ್ಲೇ ತಯಾರಾದದ್ದು’ ಎಂಬ ಮಾತನ್ನೂ ನೀಲಿ ಶಾಯಿಯಲ್ಲಿ ಒತ್ತುತ್ತಿದ್ದಳು. ಗೆಳತಿಗೆ ಎಲ್ಲರೂ ಇಟ್ಟ ಹೆಸರು ಮುದ್ರೆ.

ದಿನಕ್ಕೆ ಹನ್ನೆರಡು ಪೆಟ್ಟಿಗೆ. ತಿನ್ನರಿನ ವಾಸನೆ ಮೊದಲು ಮೂಗಿಗೆ ಹತ್ತಿತು, ಆಮೇಲೆ ಗಂಟಲಿಗೆ, ಆಮೇಲೆ ಊಟದ ಡಬ್ಬಿಗೆ. ಬೆರಳ ತುದಿಯ ಚರ್ಮ ಬಿಳಿಚಿಕೊಂಡು ಒಡೆಯಿತು. ಉಗುರು ಹಳೆಯ ಸೋಪಿನ ಚೂರಿನಂತಾಯಿತು. ಮನೆಗೆ ಹೋಗಿ ಮೂರು ಸಲ ಕೈ ತೊಳೆದರೂ ನೀರಿನ ಲೋಟ ಬಾಯಿಗೆ ತಂದಾಗ ಮೊದಲು ಬರುತ್ತಿದ್ದುದು ಅದೇ ವಾಸನೆ.

“ಇದಕ್ಕೆ ಹೆಸರಿಟ್ಟವರು ಜಾಣರು ಕಣೆ,” ಅಂದಿದ್ದಳು ಮುದ್ರೆ ಮೊದಲ ದಿನ. “ಈ ಕೈಯಲ್ಲಿ ಏನು ಬಡಿಸಿದ್ರೂ ಯಾರೂ ತಿನ್ನರು.”

ಆವತ್ತು ಸಾಲಿನಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕಿದ್ದರು. ಮೂರು ತಿಂಗಳಾದ ಮೇಲೆ ಆ ಮಾತಿಗೆ ಯಾರೂ ನಗುತ್ತಿರಲಿಲ್ಲ.

ಒರೆಸುವ ಮೇಜಿಗೆ ಬರುವ ಮುಂಚೆ ಅವಳು ಇಪ್ಪತ್ತಾರು ವರ್ಷ ತಂತಿ ವಿಭಾಗದಲ್ಲಿದ್ದಳು. ಕೂದಲಿಗಿಂತ ತೆಳ್ಳಗಿನ ಟಂಗ್‌ಸ್ಟನ್ ಸುರುಳಿಯನ್ನು ಚಿಮಟದಲ್ಲಿ ಹಿಡಿದು, ಗಾಜಿನ ಕಾಂಡದ ಮೇಲೆ ನಿಂತ ಎರಡು ತಂತಿಗಳ ನಡುವೆ ಕೂರಿಸಿ, ಎರಡೂ ತುದಿಯನ್ನು ಬಿಗಿಯಬೇಕು. ಒಂಚೂರು ಎಳೆದರೆ ಸುರುಳಿ ಸತ್ತಿತು. ಒಂಚೂರು ಸಡಿಲ ಬಿಟ್ಟರೆ ಬಲ್ಬು ತಿಂಗಳೊಪ್ಪತ್ತಿನಲ್ಲಿ ಸುಟ್ಟುಹೋಗುತ್ತದೆ. ಮೇಜಿಗೆ ಕೂರಿಸಿದ ದೊಡ್ಡ ಭೂತಗನ್ನಡಿಯ ಹಿಂದೆ ದಿನವಿಡೀ ಅವಳ ಮುಖ. ಎದುರಿನಿಂದ ನೋಡಿದವರಿಗೆ ತಟ್ಟೆಯಗಲದ ಎರಡು ಕಣ್ಣು ಬಿಟ್ಟರೆ ಇನ್ನೇನೂ ಕಾಣುತ್ತಿರಲಿಲ್ಲ. ಹಾಗಾಗಿ ಕೆಲಸಕ್ಕೆ ಸೇರಿದ ಮೊದಲ ವಾರವೇ ಅವಳಿಗೆ ಭೂತಕ್ಕ ಅಂತ ಹೆಸರು ಬಿತ್ತು. ಮದುವೆಯಾದ ಮೇಲೆ ಗಂಡನೂ ಹಾಗೇ ಕರೆದ. “ಭೂತದ ಜೊತೆ ಸಂಸಾರ ಮಾಡೋನಿಗೆ ಇನ್ಯಾರ ಭಯ?” ಅನ್ನುತ್ತಿದ್ದ.

ಅವನು ಅದೇ ಕಾರ್ಖಾನೆಯ ಗಾಜಿನ ಕುಲುಮೆಯಲ್ಲಿದ್ದವನು. ಹದಿನಾಲ್ಕು ವರ್ಷ ಒಂದು ದಿನವೂ ಆರದ ಕುಲುಮೆ ಅದು. ಗಾಜನ್ನು ಹೊರಗಿನಿಂದ ತರಿಸಿದರೆ ಅಗ್ಗ ಅಂತ ಲೆಕ್ಕ ಹಾಕಿದವರು ಒಂದು ಸೋಮವಾರ ಅದರ ಉರಿ ನಿಲ್ಲಿಸಿದರು. ಒಳಗಿದ್ದ ಗಾಜು ತಣ್ಣಗಾಗಿ ಕಲ್ಲಾಯಿತು. ಅದನ್ನು ಸುತ್ತಿಗೆಯಲ್ಲಿ ಒಡೆದು ತೆಗೆಯುವುದಕ್ಕೆ ಅದನ್ನು ಕಾಯಿಸುತ್ತಿದ್ದವರನ್ನೇ ಹಚ್ಚಿದರು. ಒಂಬತ್ತು ದಿನ ಒಡೆದರು. ಹತ್ತನೆಯ ದಿನ ಅವರಿಗೆ ಕೆಲಸವಿರಲಿಲ್ಲ. ಈಗ ಅವನು ಒಂದು ಆಸ್ಪತ್ರೆಯ ಮುಂದೆ ಕಾರು ನಿಲ್ಲಿಸುವ ಜಾಗ ಕಾಯುತ್ತಾನೆ. “ಕುರ್ಚಿ ಕೊಟ್ಟಿದಾರೆ, ನೆರಳಿದೆ, ಸಾಕು,” ಅನ್ನುತ್ತಾನೆ.

ಹಳೇ ಬಲ್ಬೇ ಚೆನ್ನಾಗಿತ್ತು ಎಂದು ಭೂತಕ್ಕ ಯಾವತ್ತೂ ಹೇಳಿದವಳಲ್ಲ. ಅದು ಕರೆಂಟು ತಿನ್ನುತ್ತಿತ್ತು, ಬೆಳಕಿಗಿಂತ ಬಿಸಿಯನ್ನೇ ಹೆಚ್ಚು ಕೊಡುತ್ತಿತ್ತು. ಅದನ್ನು ಕೈಯಾರೆ ಮಾಡಿದವಳಿಗೆ ಇದು ಗೊತ್ತಿರದೆ ಇರುತ್ತದೆಯೆ? ಎಲ್‌ಇಡಿ ಬಂದಾಗ ನಲವತ್ತೇಳರ ವಯಸ್ಸಿನಲ್ಲಿ ಅವಳು ಹೊಸ ಪಾಠ ಕಲಿತಳು. ಅಲ್ಯೂಮಿನಿಯಂ ಬಿಲ್ಲೆಯ ಮೇಲೆ ಅಕ್ಕಿ ಕಾಳಿಗಿಂತ ಸಣ್ಣ ಚಿಪ್ಪುಗಳನ್ನು ಬೆಸುಗೆ ಹಾಕಿದಳು, ಅದರ ಹಿಂದಿನ ಸರ್ಕೀಟಿನಲ್ಲಿ ಯಾವುದು ಯಾಕಿದೆ ಎಂದು ಕೇಳಿ ತಿಳಿದುಕೊಂಡಳು. ಎರಡು ವರ್ಷ ಒಳ್ಳೆಯ ಬಲ್ಬು ಮಾಡಿದರು. ಆಮೇಲೆ ಬಿಲ್ಲೆ ಸಿದ್ಧವಾಗಿ ಬರತೊಡಗಿತು. ಆಮೇಲೆ ಸರ್ಕೀಟು. ಆಮೇಲೆ ಎಲ್ಲವೂ ಸೇರಿಸಿಕೊಂಡು ಇಡೀ ಬಲ್ಬೇ ಬಂತು. ಮುನ್ನೂರು ಜನರಲ್ಲಿ ನಲವತ್ತು ಜನ ಉಳಿದರು, ಒರೆಸಲು ಮತ್ತು ಒತ್ತಲು.

ಇಷ್ಟನ್ನೂ ಮಾಡಿದವರು ಅಳಿಯಂದಿರು. ಅಂದರೆ ಮಾಲೀಕರ ಮಗಳ ಗಂಡ. ಮಾಲೀಕರು ಹಾಸಿಗೆ ಹಿಡಿದ ಮೇಲೆ ಕಾರ್ಖಾನೆ ಅವರ ಕೈಗೆ ಬಂತು. ಎದುರಿಗೆ ಸರ್, ಬೆನ್ನ ಹಿಂದೆ ಅಳಿಯಂದಿರು. ಯಾರ ಮೇಲೂ ಕೂಗಾಡುವ ಮನುಷ್ಯ ಅಲ್ಲ. ಕೆಲಸದಿಂದ ತೆಗೆದವರ ಕೈಯನ್ನೂ ಎರಡು ಕೈಯಲ್ಲಿ ಹಿಡಿದು ಕುಲುಕಿ, ಬಾಗಿಲವರೆಗೆ ಬಂದು ಕಳಿಸಿಕೊಟ್ಟವರು.

ಒಂದು ಮಧ್ಯಾಹ್ನ ಅವರು ಒರೆಸುವ ಮೇಜಿನ ಹತ್ತಿರ ಬಂದು ನಿಂತರು. ಜೊತೆಗೆ ಕ್ಯಾಮೆರಾ ತೂಗುಹಾಕಿಕೊಂಡ ಒಬ್ಬ.

“ಅಕ್ಕಾ, ಒಂದು ಉಪಕಾರ ಆಗ್ಬೇಕಲ್ಲ. ನಿಮ್ಮ ಹಳೇ ಮೇಜಿನ ಹತ್ರ ಒಂದೈದು ನಿಮಿಷ ಕೂತ್ಕೋತೀರಾ? ಒಂದು ಫೋಟೋ.”

ತಂತಿ ವಿಭಾಗ ಮುಚ್ಚಿ ಆರು ವರ್ಷವಾಗಿತ್ತು. ಬೀಗ ತೆಗೆದರು. ಅವಳ ಮೇಜೊಂದರ ಧೂಳನ್ನು ಮಾತ್ರ ಒರೆಸಿಟ್ಟಿದ್ದರು. ಭೂತಗನ್ನಡಿ ಅಲ್ಲೇ ಇತ್ತು. ಸ್ಟೂಲಿನ ಮೇಲೆ ಕೂತಾಗ ಅವಳ ಮೊಣಕೈ ತಾನಾಗಿ ಮೇಜಿನ ಸವೆದ ಗುಳಿಗಳಲ್ಲಿ ಹೋಗಿ ಕೂತಿತು. ಅವಳಿಗೆ ಎಷ್ಟು ಸಂತೋಷವಾಯಿತೆಂದರೆ ಆ ಸಂತೋಷಕ್ಕೆ ಆಮೇಲೆ ಅವಳು ಎಷ್ಟೋ ದಿನ ತನ್ನನ್ನೇ ಬೈದುಕೊಂಡಳು.

ಅಳಿಯಂದಿರು ಅವಳ ಕೈಗೆ ಒಂದು ಬಲ್ಬು ಕೊಟ್ಟರು. ಬೆಳಿಗ್ಗೆ ಅವಳೇ ಒರೆಸಿದ ಬಲ್ಬು.

“ಇದನ್ನ ಗಾಜಿನ ಕೆಳಗೆ ಹಿಡೀರಿ. ಸೂಕ್ಷ್ಮವಾಗಿ ಪರೀಕ್ಷೆ ಮಾಡೋ ಥರ.”

“ಸರ್, ಇದರ ಮೇಲೆ ಬರೀ ಬಿಳಿ ಪ್ಲಾಸ್ಟಿಕ್ಕು. ಭೂತಗನ್ನಡಿ ಇಟ್ಟು ಏನು ನೋಡೋದು?”

“ಅಯ್ಯೋ, ಅದೆಲ್ಲ ಯಾರು ಕೇಳ್ತಾರೆ ಅಕ್ಕ? ನಗಿ, ನಗಿ. ಹಾಂ, ಹಂಗೇ.”

ಅವಳು ನಕ್ಕಳು. ಯಾರೂ ಬಲವಂತ ಮಾಡಿರಲಿಲ್ಲ.

ಹದಿನೈದು ದಿನಕ್ಕೆ ಊರಿನ ಬಸ್ ನಿಲ್ದಾಣಗಳಲ್ಲೆಲ್ಲ ಅವಳ ಮುಖ ಆಳೆತ್ತರಕ್ಕೆ ನಿಂತಿತು. ಮುಖದ ಕೆಳಗೆ ದಪ್ಪ ಅಕ್ಷರದಲ್ಲಿ ‘ಮೂವತ್ತು ವರ್ಷದಿಂದ ನಿಮ್ಮ ಮನೆಯ ಬೆಳಕು. ಈ ಕೈಗಳನ್ನು ನಂಬಿ.’ ಮೊದಲ ಸಲ ನೋಡಿದಾಗ ಅವಳು ಮುಖ ನೋಡಲಿಲ್ಲ, ಕೈ ನೋಡಿದಳು. ಆ ಕೈ ಅವಳದಲ್ಲ. ಒಡೆದ ಚರ್ಮವಿಲ್ಲ, ಸುಕ್ಕಿಲ್ಲ; ಉಗುರಿಗೆ ತಿಳಿಗುಲಾಬಿ ಹೊಳಪು ಕೊಟ್ಟಿದ್ದರು. ತನ್ನ ತೋಳಿಗೆ ಇನ್ಯಾರದೋ ಕೈ ಅಂಟಿಸಿದಂತೆ ಕಂಡಿತು.

“ಚೆಲುವಾಗಿ ಕಾಣ್ತೀಯ,” ಅಂದ ಗಂಡ.

“ಥೂ. ಆ ಕೈ ನೋಡು.”

“ಕೈ ಯಾರು ನೋಡ್ತಾರೆ? ಸುಮ್ನಿರು. ಅನ್ನ ಹಾಕೋ ಕೆಲಸಕ್ಕೆ ಮುಖ ಸಿಂಡರಿಸಬಾರದು.”

ಬೀದಿಯವರೆಲ್ಲ ಹೆಮ್ಮೆಪಟ್ಟರು. ಹಾಲಿನ ಅಂಗಡಿಯವನು, ಮೇಲಿನ ಮನೆಯ ನರ್ಸು, ಮೂಲೆ ಮನೆಯ ನಿವೃತ್ತ ಪೋಸ್ಟ್‌ಮ್ಯಾನ್ ತಾತ ಎಲ್ಲರೂ ಆ ಬಲ್ಬನ್ನೇ ಕೇಳಿ ತಂದರು. ಎದುರುಮನೆಯ ದರ್ಜಿ ಒಂದಲ್ಲ, ನಾಲ್ಕು ತಂದಳು. ದರ್ಜಿ ಅಂದರೆ ಒಂಟಿ ಹೆಂಗಸು, ನಲವತ್ತರ ಆಜುಬಾಜು, ಮುಂದಿನ ಕೋಣೆಯಲ್ಲೇ ಹೊಲಿಗೆ ಮೆಷಿನ್ನು. ಬೀದಿಯ ಅರ್ಧ ಜನ ತೊಡುವುದು ಅವಳು ಹೊಲಿದದ್ದೇ. ಮಾತು ಕಡಿಮೆ, ಹೊಗಳಿಕೆ ಅದಕ್ಕಿಂತ ಕಡಿಮೆ. ಅಂಥವಳು ಬಾಗಿಲಲ್ಲಿ ನಿಂತು, “ಅಕ್ಕ ಮಾಡಿದ್ದು ಅಂದ್ಮೇಲೆ ಬೇರೇದು ಯಾಕೆ?” ಅಂದಾಗ ಭೂತಕ್ಕ ಒಳಗೆ ಹೋಗಿ ಮತ್ತೆ ಕೈ ತೊಳೆದುಕೊಂಡಳು.

ಅದಾಗಿ ಎರಡು ತಿಂಗಳಿಗೆ, ಒಂದು ಸಂಜೆ ಅವಳು ಕೆಲಸ ಮುಗಿಸಿ ಬರುವಾಗ ದರ್ಜಿಯ ಬಾಗಿಲ ಮುಂದೆ ಜನ ನಿಂತಿದ್ದರು. ದರ್ಜಿಯನ್ನು ಆಗಲೇ ಆಸ್ಪತ್ರೆಗೆ ಕರೆದೊಯ್ದಿದ್ದರು. ಕೋಣೆಯೊಳಗೆ ಸ್ಟೂಲು ಮಗುಚಿ ಬಿದ್ದಿತ್ತು, ಅರ್ಧ ಹೊಲಿದ ಒಂದು ಕೋಟು ನೆಲದಲ್ಲಿತ್ತು. ಮೇಲೆ ಹೋಲ್ಡರಿನಲ್ಲಿ ಬಲ್ಬಿನ ತಗಡಿನ ಬುಡ ಮಾತ್ರ ಕಚ್ಚಿಕೊಂಡು, ಅದರಿಂದ ಎರಡು ತಂತಿ ನೇತಾಡುತ್ತಿತ್ತು. ಬಲ್ಬಿನ ಉಳಿದ ಭಾಗ ಗೋಡೆಯ ಬುಡಕ್ಕೆ ಉರುಳಿತ್ತು. ನರ್ಸು ಮೇನ್ ಸ್ವಿಚ್ ಆರಿಸಿದ್ದಳು.

ಮಾರನೆಯ ದಿನ ಭೂತಕ್ಕ ನೋಡಲು ಹೋದಾಗ ದರ್ಜಿ ಮನೆಗೆ ಬಂದಿದ್ದಳು. ಬಲಗೈಗೆ ಬೆರಳಿನ ಬುಡದಿಂದ ಮೊಣಕೈವರೆಗೆ ಪ್ಲಾಸ್ಟರ್.

“ಮಿಣುಕ್ತಿತ್ತು. ಸ್ವಲ್ಪ ಬಿಗಿ ಮಾಡೋಣ ಅಂತ ಸ್ಟೂಲು ಹತ್ತಿ ತಿರುಗಿಸಿದೆ. ಬುಡ ಅಲ್ಲೇ ಬಿಟ್ಟು ಬಲ್ಬು ಕಿತ್ಕೊಂಡು ಕೈಗೇ ಬಂತು, ತಂತಿ ಬೆರಳಿಗೆ ತಾಗ್ತು. ಆಮೇಲೆ ನೆಲದಲ್ಲಿದ್ದೆ.”

“ನೋವಿದೆಯಾ?”

“ಇರಲ್ವಾ? ಮಣಿಕಟ್ಟು ಎರಡು ಕಡೆ ಮುರಿದಿದೆಯಂತೆ.” ದರ್ಜಿ ಪ್ಲಾಸ್ಟರನ್ನು ತೊಡೆಯ ಮೇಲೆ ಸರಿಯಾಗಿ ಇಟ್ಟುಕೊಂಡಳು. “ನನ್ನದೇ ತಪ್ಪು ಅಕ್ಕ. ಆರಿಸಿ ಮುಟ್ಟಬೇಕಿತ್ತು. ಬೇರೆ ಯಾವುದಾದ್ರೂ ಬಲ್ಬಾಗಿದ್ರೆ ಮಾಡಿದೋರ್ನ ಶಾಪ ಹಾಕ್ತಿದ್ದೆ. ನಿಮ್ಮ ಕೈ ಕೆಲಸದಲ್ಲಿ ಹುಳುಕಿರಲ್ಲ ಅಂತ ಗೊತ್ತಲ್ಲ. ನಾನೇ ಒರಟಾಗಿ ತಿರುಗಿಸಿರ್ತೀನಿ.”

ಹೇಳಬೇಕಿದ್ದ ಹೊತ್ತು ಅದೇ. ಭೂತಕ್ಕ ಬಾಯಿ ತೆರೆದಳು. “ಏನಾದ್ರೂ ತಿಂದ್ಯಾ?” ಎಂಬ ಮಾತು ಬಂತು. ದರ್ಜಿಯ ಒಲೆಯ ಮೇಲೆ ನೀರು ಕಾಯಿಸಿಟ್ಟು, ಗೋಡೆಯ ಬುಡದಲ್ಲಿದ್ದ ಬಲ್ಬನ್ನೂ ಯಾರೋ ಹೋಲ್ಡರಿನಿಂದ ತೆಗೆದಿಟ್ಟಿದ್ದ ಅದರ ತಗಡಿನ ಬುಡವನ್ನೂ ಚೀಲಕ್ಕೆ ಹಾಕಿಕೊಂಡು ಹೊರಬಂದಳು. ತನ್ನ ಮನೆಯ ಬಚ್ಚಲಿಗೆ ಹೋದ ಮೇಲೆ ವಾಂತಿಯಾಯಿತು. ಆವತ್ತು ರಜೆ, ತಿನ್ನರಿನ ಮೇಲೆ ತಪ್ಪು ಹಾಕೋಣ ಎಂದರೆ ಹಿಂದಿನ ಸಂಜೆಯಿಂದ ಅದನ್ನು ಮುಟ್ಟಿರಲಿಲ್ಲ.

ಆ ಬಲ್ಬನ್ನು ಅವಳು ಊಟದ ಮೇಜಿನ ಮೇಲೆ ಬಿಚ್ಚಿ ಹರಡಿದಳು. ಗಂಡ ಪಕ್ಕದಲ್ಲಿ ಕೂತು ನೋಡಿದ. ತಗಡಿನ ಬುಡವನ್ನು ಪ್ಲಾಸ್ಟಿಕ್ಕಿಗೆ ಸುತ್ತಲೂ ಒತ್ತಿ ಗುಳಿ ಬೀಳಿಸಿ ಕಚ್ಚಿಸಬೇಕು. ಇದರಲ್ಲಿ ಒಂದೇ ಒಂದು ಗುಳಿಯಿಲ್ಲ, ಎರಡು ಹನಿ ಅಂಟು ಹಾಕಿದ್ದರು. ಅಂಟು ಬಿಸಿಗೆ ಒಣಗಿ ಪುಡಿಯಾಗಿತ್ತು. ಸರ್ಕೀಟಿನಲ್ಲಿ ಫ್ಯೂಸಿನ ಜಾಗದಲ್ಲಿ ಒಂದು ತುಂಡು ತಂತಿ. ಬಿಸಿ ಹೀರಬೇಕಾದ ಅಲ್ಯೂಮಿನಿಯಂ ಬಿಲ್ಲೆ ಚಾಕೊಲೇಟ್ ಕಾಗದದಷ್ಟು ತೆಳು.

“ಇದು ಬಲ್ಬಲ್ಲ,” ಅಂದಳು. “ಬಲ್ಬಿನ ವೇಷ.”

“ಹೊರಗಿನೋರಿಗೆ ಒಳ್ಳೇದು ಮಾಡೋಕೆ ಬರಲ್ವಾ?”

“ಬರತ್ತೆ. ನಮಗಿಂತ ಚೆನ್ನಾಗಿ ಬರತ್ತೆ. ನಮ್ಮೋರು ಹೋಗಿ ಎಲ್ಲಕ್ಕಿಂತ ಕೀಳಾಗಿರೋದು ಯಾವುದಿದೆ ಅಂತ ಕೇಳಿ ತಂದಿದಾರೆ.”

ಗಂಡ ಬಹಳ ಹೊತ್ತು ಆ ಬಿಲ್ಲೆಯನ್ನು ಬೆರಳಲ್ಲಿ ಬಗ್ಗಿಸಿ ನೋಡುತ್ತಿದ್ದ. ಅದು ಬಗ್ಗಿದ್ದು ಬಗ್ಗಿದಂತೆಯೇ ಉಳಿಯಿತು.

ಮರುದಿನ ಅವಳು ಚೂರುಗಳನ್ನೆಲ್ಲ ಒಂದು ಕಾಗದದಲ್ಲಿ ಕಟ್ಟಿಕೊಂಡು ಅಳಿಯಂದಿರ ಕೋಣೆಗೆ ಹೋದಳು. ಅವರು ಕುರ್ಚಿಯಿಂದ ಎದ್ದು ನಿಂತು ಅವಳನ್ನು ಕೂರಿಸಿದರು. ಅವಳು ಒಂದೊಂದೇ ಚೂರು ತೋರಿಸಿ ಹೇಳಿದಳು. ಅವರು ಮಧ್ಯೆ ಬಾಯಿ ಹಾಕದೆ ಕೇಳಿದರು. ಕೇಳಿ ಆದ ಮೇಲೆ ಚೂರುಗಳನ್ನು ಪೇಪರ್‌ವೇಟಿನ ಪಕ್ಕಕ್ಕೆ ಸರಿಸಿದರು.

“ಎಂಥಾ ಕಣ್ಣು ಅಕ್ಕ ನಿಮ್ಮದು! ನಮ್ಮ ಇಂಜಿನಿಯರಿಗೂ ಇಲ್ಲ.”

“ಸರ್, ಆ ಹೆಂಗಸಿನ ಕೈ ಮುರಿದಿದೆ. ಹೊಲಿಗೆ ಮಾಡಿ ಬದುಕೋಳು.”

“ಛೆ ಛೆ. ತುಂಬಾ ಬೇಜಾರಾಯ್ತು.” ಅವರ ಮುಖದಲ್ಲಿ ಬೇಜಾರು ನಿಜವಾಗಿಯೂ ಮೂಡಿತು, ಅವಳಿಗೆ ಅದೇ ಇನ್ನೂ ಹೇಸಿಗೆಯೆನಿಸಿತು. ಅವರು ಬೀರುವಿನಿಂದ ಹೊಳೆಯುವ ಒಂದು ಡಬ್ಬ ತೆಗೆದು ಅವಳ ಮುಂದಿಟ್ಟರು. ಒಳಗೆ ಹತ್ತು ಬಲ್ಬು. “ಇದನ್ನ ನನ್ನ ಪರವಾಗಿ ಅವರಿಗೆ ಕೊಡಿ. ಲಕ್ಷಕ್ಕೆ ಒಂದೆರಡು ಹೀಗಾಗೋದು ಇದ್ದದ್ದೇ. ನೋಡಿ, ಗುರುವಾರ ತಪಾಸಣೆಯವರು ಬರ್ತಾರೆ. ನಾಡಿನ ತಯಾರಿಕೆ ಅಂತ ಪ್ರಮಾಣಪತ್ರ ಸಿಕ್ಕರೆ ಶಾಲೆ, ಆಸ್ಪತ್ರೆ ಎಲ್ಲ ಕಡೆ ನಮ್ಮದೇ ಬಲ್ಬು. ಅದಾಗಲಿ, ನಿಮ್ಮನ್ನ ಗುಣಮಟ್ಟಕ್ಕೆ ಮುಖ್ಯಸ್ಥೆ ಮಾಡ್ತೀನಿ.”

“ಶಾಲೆಗೂ ಇದೇನಾ?”

“ಇದೇ. ಅದಕ್ಕೇ ಗುರುವಾರ ನೀವು ಹಳೇ ಮೇಜಿನಲ್ಲಿ ಕೂರಬೇಕು. ಇನ್ನೂ ಐದು ಜನ ಇರ್ತಾರೆ. ಅಧಿಕಾರಿ ಏನಾದ್ರೂ ಕೇಳಿದ್ರೆ ನಿಮ್ಮ ಅನುಭವ ಹೇಳಿ. ಅಷ್ಟೇ.”

ಅವಳು ಡಬ್ಬವನ್ನು ಮುಟ್ಟದೆ, ಚೂರುಗಳನ್ನು ಮತ್ತೆ ಕಾಗದದಲ್ಲಿ ಕಟ್ಟಿಕೊಂಡು ಎದ್ದು ಬಂದಳು. ಆದರೆ ಗುರುವಾರ ಕೂರುವುದಿಲ್ಲ ಎಂದು ಹೇಳಲಿಲ್ಲ. ಕೂರಬೇಕು ಎಂದು ಅವಳೂ ತೀರ್ಮಾನಿಸಿದ್ದಳು. ಹೊರಗಿನ ಅಧಿಕಾರಿ ಒಬ್ಬ ಎದುರಿಗೆ ಬಂದು ನಿಂತು ಬಾಯಿ ಬಿಟ್ಟು ಕೇಳಿದರೆ, ಕೇಳಿದ್ದಕ್ಕೆ ಉತ್ತರ ಕೊಡುವುದು. ಮೂರು ದಿನ ಒರೆಸುತ್ತಲೇ ಆ ಉತ್ತರವನ್ನು ಮನಸ್ಸಿನಲ್ಲಿ ತಿದ್ದಿ ತಿದ್ದಿ ಇಟ್ಟುಕೊಂಡಳು.

ಗುರುವಾರ ತಂತಿ ವಿಭಾಗಕ್ಕೆ ಸುಣ್ಣ ಬಳಿದಿದ್ದರು. ಆರು ಮೇಜು, ಆರು ಭೂತಗನ್ನಡಿ, ಆರು ಹೆಂಗಸರು, ಎಲ್ಲರಿಗೂ ಗರಿಗರಿ ನೀಲಿ ಕೋಟು. ಎಲ್ಲಿಂದಲೋ ಹುಡುಕಿ ತಂದ ಹಳೇ ಟಂಗ್‌ಸ್ಟನ್ ಸುರುಳಿಗಳನ್ನು ತಟ್ಟೆಯಲ್ಲಿ ಇಟ್ಟಿದ್ದರು. ಮೂಲೆಯಲ್ಲಿ ಗಾಜು ಮುಚ್ಚುವ ಯಂತ್ರಕ್ಕೆ ಗ್ಯಾಸ್ ಕೊಟ್ಟು ನೀಲಿ ಜ್ವಾಲೆ ಹಚ್ಚಿದ್ದರು. ಅದು ಖಾಲಿ ತಿರುಗುತ್ತಿತ್ತು. ಪಕ್ಕದ ಮೇಜಿನಲ್ಲಿದ್ದ ಮುದ್ರೆ ಜೀವಮಾನದಲ್ಲಿ ಚಿಮಟ ಹಿಡಿದವಳಲ್ಲ. ಅದನ್ನು ಹುಬ್ಬಿನ ಕೂದಲು ಕೀಳುವವಳಂತೆ ಹಿಡಿದು ಕೂತಿದ್ದಳು.

ಅಧಿಕಾರಿ ಬಂದ. ಗುಂಡಗಿನ, ಸುಸ್ತಾದ ಮನುಷ್ಯ, ಕಂಕುಳಲ್ಲಿ ಫೈಲು. ಅಳಿಯಂದಿರು ಅವನನ್ನು ನೇರವಾಗಿ ಭೂತಕ್ಕನ ಮೇಜಿಗೇ ಕರೆತಂದರು.

“ಓ, ಬಸ್ ಸ್ಟಾಪಿನಲ್ಲಿ ನೋಡಿದೀನಿ ಇವರನ್ನ,” ಅಂದ ಅಧಿಕಾರಿ. “ಏನಮ್ಮಾ, ದಿನಕ್ಕೆ ಎಷ್ಟು ಬಲ್ಬು ಮಾಡ್ತೀರಿ?”

“ಒಂದೂ ಮಾಡಲ್ಲ,” ಅಂದಳು ಭೂತಕ್ಕ.

ಅವಳು ಚಿಮಟವನ್ನು ತಟ್ಟೆಯಲ್ಲಿಟ್ಟಳು.

“ಈ ಕೋಣೆ ಮುಚ್ಚಿ ಆರು ವರ್ಷ ಆಯ್ತು ಸ್ವಾಮಿ. ಈ ಸುರುಳಿ ಈಗಿನ ಯಾವ ಬಲ್ಬಿಗೂ ಬೇಡ. ಬಲ್ಬು ಹೊರಗಿನಿಂದ ಪೆಟ್ಟಿಗೇಲಿ ಬರತ್ತೆ. ಅದರ ಮೇಲಿನ ಹೆಸರು ನಾನು ಒರೆಸ್ತೀನಿ, ಇವಳು ನಮ್ಮ ಹೆಸರು ಒತ್ತುತಾಳೆ. ಅಷ್ಟೇ ನಮ್ಮ ಕೆಲಸ. ಪೆಟ್ಟಿಗೆ ಪಕ್ಕದ ಕೋಣೇಲೇ ಇದೆ, ಬನ್ನಿ ತೋರಿಸ್ತೀನಿ. ಆ ಬಲ್ಬಿನಲ್ಲಿ ಫ್ಯೂಸಿಲ್ಲ, ಬುಡ ಕಿತ್ಕೊಂಡು ಬರತ್ತೆ. ನಮ್ಮ ಬೀದೀಲಿ ಒಬ್ಬಳ ಕೈ ಮುರೀತು.”

ಅವಳು ಅಳಿಯಂದಿರ ಮುಖ ನೋಡಿದಳು. ಅಲ್ಲಿ ಸಿಟ್ಟಿರಲಿಲ್ಲ, ಗಾಬರಿಯೂ ಇರಲಿಲ್ಲ. ಮಗು ನೆಂಟರ ಮುಂದೆ ಏನೋ ಹೇಳಿಬಿಟ್ಟಾಗ ದೊಡ್ಡವರು ನಗುವ ನಗು ಇತ್ತು. ಅಧಿಕಾರಿಯೂ ನಕ್ಕ.

“ಪಾಪ, ಎಷ್ಟು ಹೆದರಿಕೊಂಡು ಹೇಳ್ತಿದೀರಿ. ಇದರಲ್ಲಿ ಮುಚ್ಚುಮರೆ ಏನಿದೆಯಮ್ಮ? ನಿಯಮದ ಪ್ರಕಾರ ಕೊನೇ ಎರಡು ಹಂತ ಇಲ್ಲಿ ನಡೆದ್ರೆ ಸಾಕು, ನಾಡಿನ ತಯಾರಿಕೇನೇ. ನೀವು ಒರೆಸ್ತೀರಿ, ಅದೊಂದು ಹಂತ. ಅವರು ಒತ್ತುತಾರೆ, ಅದು ಇನ್ನೊಂದು.” ಅವನು ಫೈಲು ಬಿಚ್ಚಿ ನಿಂತಲ್ಲೇ ಬರೆದ, ಬರೆಯುತ್ತ ಬಾಯಲ್ಲಿ ಹೇಳಿಕೊಂಡ: “ಮೇಲ್ಮೈ ಸಂಸ್ಕರಣೆ, ನುರಿತ ಕಾರ್ಮಿಕರಿಂದ. ಗುರುತು ಮುದ್ರಣ, ನುರಿತ ಕಾರ್ಮಿಕರಿಂದ. ಎಷ್ಟು ವರ್ಷದ ಅನುಭವ ನಿಮ್ಮದು?”

“ಫ್ಯೂಸು?” ಅಂದಳು ಭೂತಕ್ಕ. “ಕೈ ಮುರಿದದ್ದು?”

“ಅದು ಸುರಕ್ಷತಾ ವಿಭಾಗ. ನಮಗೆ ಬರಲ್ಲ. ಮೂವತ್ತು ವರ್ಷ ಅಂತ ಹಾಕ್ಲಾ?”

ಅಳಿಯಂದಿರು ಅವಳ ಪರವಾಗಿ, “ಮೂವತ್ತೆರಡು,” ಅಂದರು.

ಅವಳು ಮೂರು ದಿನ ತಿದ್ದಿಟ್ಟುಕೊಂಡಿದ್ದ ಸತ್ಯ ಆ ಫೈಲಿನಲ್ಲಿ ಎರಡು ಸಾಲಾಗಿ, ಅವರ ಅನುಕೂಲಕ್ಕೇ ಕೂತಿತು. ಅಧಿಕಾರಿ ಹೊರಡುವ ಮುಂಚೆ ಅವಳ ಕೈ ಕುಲುಕಿದ. ಅವನ ಅಂಗೈ ಒದ್ದೆಯಾಗಿ ಮೆತ್ತಗಿತ್ತು. ಆಮೇಲೆ ಅವನು ತನ್ನ ಬೆರಳನ್ನು ಮೂಗಿನ ಹತ್ತಿರ ತಂದು, ಮುಖ ಕಿವುಚಿ, ಕರವಸ್ತ್ರದಲ್ಲಿ ಒರೆಸಿಕೊಂಡದ್ದನ್ನು ಅವಳು ನೋಡಿದಳು.

ಊಟದ ಹೊತ್ತಿನಲ್ಲಿ ಅವಳ ಪಕ್ಕದಲ್ಲಿ ಯಾರೂ ಕೂರಲಿಲ್ಲ. ಕೊನೆಗೆ ಮುದ್ರೆ ಡಬ್ಬಿ ಹಿಡಿದು ಬಂದು ನಿಂತಳು. ಅವಳ ಕಣ್ಣು ಕೆಂಪಾಗಿತ್ತು.

“ಅವನು ನಗದೇ ಇದ್ದಿದ್ರೆ? ಇವತ್ತೇ ಬಾಗಿಲು ಹಾಕಿದ್ರೆ? ನಲವತ್ತು ಮನೆ ಕಣೆ.”

“ಆ ಬಲ್ಬು ಶಾಲೆಗೆ ಹೋಗತ್ತೆ.”

“ಗೊತ್ತು. ನಿನಗೊಬ್ಬಳಿಗೇ ಅಸಹ್ಯ ಆಗೋದು ಅಂದ್ಕೊಂಡಿದೀಯಾ? ನಾನು ದಿನಾ ಸಾವಿರದ ಇನ್ನೂರು ಸಲ ಸುಳ್ಳು ಒತ್ತೀನಿ. ಪ್ರತಿ ಸಲವೂ ಅದು ಸುಳ್ಳು ಅಂತ ನನಗೆ ಓದೋಕೆ ಬರತ್ತೆ. ನಿನ್ನ ಫೋಟೋ ತೆಗೆಯೋವಾಗ ನೀನು ನಕ್ಕೆಯಲ್ಲ, ನಾವ್ಯಾರಾದ್ರೂ ಏನಾದ್ರೂ ಅಂದ್ವಾ?”

ಮುದ್ರೆ ಹೇಳಿದ್ದರಲ್ಲಿ ಅಲ್ಲಗಳೆಯುವಂಥದ್ದು ಒಂದೂ ಇರಲಿಲ್ಲ.

ಭೂತಕ್ಕ ಆವತ್ತಿನ ಪೆಟ್ಟಿಗೆಗಳನ್ನು ಮುಗಿಸಲಿಲ್ಲ. ನೀಲಿ ಕೋಟು ಬಿಚ್ಚಿ ಮಡಿಸಿಟ್ಟು, ಕಚೇರಿಯ ಗುಮಾಸ್ತನಿಗೆ ನಾಳೆಯಿಂದ ಬರುವುದಿಲ್ಲ ಎಂದು ಬರೆದು ಕೊಟ್ಟಳು. ಯಾರೂ ಅವಳನ್ನು ಹೊರಗೆ ಹಾಕಲಿಲ್ಲ. ಅಳಿಯಂದಿರು ಬಾಗಿಲವರೆಗೆ ಬಂದರು. “ದುಡುಕಬೇಡಿ ಅಕ್ಕ, ವಿಶ್ರಾಂತಿ ತಗೊಳ್ಳಿ, ಯಾವಾಗ ಬೇಕಾದ್ರೂ ಬನ್ನಿ,” ಅನ್ನುತ್ತ ಎರಡೂ ಕೈ ಚಾಚಿದರು. ಅವಳು ತನ್ನ ಕೈಯನ್ನು ಚೀಲದೊಳಗೆ ಹಾಕಿಕೊಂಡಳು.

ಮನೆಗೆ ಹೋಗದೆ ನೇರವಾಗಿ ದರ್ಜಿಯ ಬಾಗಿಲು ತಟ್ಟಿದಳು. ಕೂರದೆ, ನಿಂತಲ್ಲೇ ಎಲ್ಲವನ್ನೂ ಹೇಳಿದಳು: ಒರೆಸುವುದು, ಒತ್ತುವುದು, ಫೋಟೋ, ಅಂಟಿನ ಎರಡು ಹನಿ. ದರ್ಜಿ ಎಡಗೈಯಲ್ಲಿ ಕತ್ತರಿ ಹಿಡಿದು ಒಂದು ತುಂಡು ಬಟ್ಟೆ ಕತ್ತರಿಸಲು ಒದ್ದಾಡುತ್ತಿದ್ದವಳು ಕತ್ತರಿ ಕೆಳಗಿಟ್ಟಳು.

“ಯಾವತ್ತಿನಿಂದ ಗೊತ್ತಿತ್ತು?”

“ಮೊದಲಿನಿಂದಲೇ ಕೆಟ್ಟದ್ದು ಅಂತ ಗೊತ್ತಿತ್ತು. ಇಷ್ಟು ಕೆಟ್ಟದ್ದು ಅಂತ ನೀನು ಬಿದ್ದ ಮರುದಿನ ಗೊತ್ತಾಯ್ತು.”

“ಆವತ್ತು ಇಲ್ಲೇ ನಿಂತಿದ್ರಿ. ನನ್ನದೇ ತಪ್ಪು ಅಂದೆ ನಾನು. ನೀರು ಕಾಯಿಸಿಟ್ಟು ಹೋದ್ರಿ.” ದರ್ಜಿಯ ದನಿ ಏರಲಿಲ್ಲ. “ಐದು ದಿನ ಅಕ್ಕ. ಐದು ದಿನ ನನ್ನ ಒರಟು ಕೈಯನ್ನ ನಾನೇ ಬೈದ್ಕೊಂಡೆ. ಬಲ್ಬು ಹೋಗಲಿ ಅತ್ಲಾಗೆ. ಅದನ್ನ ಮಾಡಿದೋರ ಮುಖ ನಾನು ನೋಡಿಲ್ಲ. ನಿಮ್ಮ ಮುಖ ನೋಡಿದೀನಿ.”

“ಹೌದು.”

“ಈಗ ಹೋಗಿ.”

ಅವಳು ಹೋದಳು. ನಾಲ್ಕು ದಿನ ಎದುರುಮನೆಯ ಬಾಗಿಲು ಮುಚ್ಚಿಯೇ ಇತ್ತು. ಐದನೆಯ ದಿನ ದರ್ಜಿಯೇ ಬಂದು ಬಾಗಿಲಲ್ಲಿ ನಿಂತಳು. ಒಳಗೆ ಬರಲಿಲ್ಲ.

“ಆ ಉಳಿದ ಮೂರು ಬಲ್ಬನ್ನೂ ಕಸಕ್ಕೆ ಹಾಕಿದೆ. ಕೋಣೆ ಕತ್ತಲೆ. ಒಳ್ಳೇದು ಯಾವುದು ಅಂತ ನನಗೆ ಗೊತ್ತಾಗಲ್ಲ. ಬಂದು ಆರಿಸಿಕೊಡಿ.”

ಇಬ್ಬರೂ ಅಂಗಡಿಗೆ ನಡೆದರು. ಅಂಗಡಿಯವನು ನಾಲ್ಕು ಕಂಪನಿಯ ಬಲ್ಬುಗಳನ್ನು ಗಾಜಿನ ಮೇಲೆ ಸಾಲಾಗಿ ಇಟ್ಟ. ನಾಲ್ಕು ಬಣ್ಣದ ಡಬ್ಬ, ನಾಲ್ಕು ಹೆಸರು. ನಾಲ್ಕರ ಮೇಲೂ ನಮ್ಮ ನಾಡು, ನಮ್ಮ ಬೆಳಕು, ನಮ್ಮ ಹೆಮ್ಮೆ ಎಂಬ ಮಾತು. ಭೂತಕ್ಕ ಒಂದೊಂದನ್ನೇ ಎತ್ತಿ ಕತ್ತಿನ ಕೆಳಗೆ ನೋಡಿದಳು. ಅವಳು ದಿನಾ ಒರೆಸುತ್ತಿದ್ದ ಬಲ್ಬುಗಳ ಮೇಲಿದ್ದದ್ದೇ: ಪ್ಲಾಸ್ಟಿಕ್ಕಿನಲ್ಲಿ ಅಚ್ಚಿನಿಂದಲೇ ಎದ್ದ ಸಾಸಿವೆಯಷ್ಟು ಸಣ್ಣ ತ್ರಿಕೋನದ ಗುರುತು. ಅಚ್ಚಿನ ಗುರುತನ್ನು ಯಾವ ಹತ್ತಿಯೂ ಅಳಿಸುವುದಿಲ್ಲ. ನಾಲ್ಕರಲ್ಲೂ ಅದೇ ತ್ರಿಕೋನ. ಎಲ್ಲೋ ಇನ್ನೂ ಮೂರು ಕೋಣೆಗಳಲ್ಲಿ ಇನ್ನೂ ಮೂವರು ಹೆಂಗಸರು ಕೂತು ಉಜ್ಜಿದ್ದಾರೆ. ಅವರ ಊಟದ ಡಬ್ಬಿಗಳ ವಾಸನೆಯೂ ಅವಳಿಗೆ ಬಡಿದಂತಾಯಿತು.

“ಯಾವುದು?” ಕೇಳಿದಳು ದರ್ಜಿ.

“ಎಲ್ಲಾ ಒಂದೇ.”

“ಎಲ್ಲಾ ಒಂದೇ ಬಿಡಿ ಅಮ್ಮ,” ಅಂದ ಅಂಗಡಿಯವನು, ಅವಳನ್ನು ಗುರುತಿಸಿ ನಗುತ್ತ. “ಆದ್ರೂ ನಿಮ್ಮದೇ ಜಾಸ್ತಿ ಓಡ್ತಿದೆ. ನಿಮ್ಮ ಮುಖ ಇದೆಯಲ್ಲ.”

ದರ್ಜಿ ಅವಳ ಮುಖವನ್ನೊಮ್ಮೆ ನೋಡಿದಳು. ಆಮೇಲೆ ಅತ್ಯಂತ ಅಗ್ಗದ್ದನ್ನು ತೋರಿಸಿ, “ಅದು ಕೊಡಿ,” ಅಂದಳು. ಮನೆಗೆ ಬಂದು ಭೂತಕ್ಕ ಮೇನ್ ಸ್ವಿಚ್ ಆರಿಸಿ, ಬಲ್ಬಿನ ಬುಡಕ್ಕೂ ಕತ್ತಿಗೂ ಸೇರಿಸಿ ನಾಲ್ಕು ಸುತ್ತು ಟೇಪು ಸುತ್ತಿ, ಸ್ಟೂಲು ಹತ್ತಿ ಹಾಕಿಕೊಟ್ಟಳು. ಇಳಿದು ಹೊರಡುವಾಗ ಮೆಷಿನ್ನಿನ ಪಕ್ಕ ಕೊಡಬೇಕಾದ ಬಟ್ಟೆಗಳ ರಾಶಿ ಕಂಡಿತು. ಕೇಳದೆಯೇ ಕೂತು ಸೂಜಿಗೆ ದಾರ ಪೋಣಿಸಿದಳು.

ಪ್ರಮಾಣಪತ್ರ ಆ ತಿಂಗಳೇ ಬಂತು. ಶಾಲೆಗಳಿಗೆ ಬಲ್ಬು ಹೋಯಿತು. ಸುರಕ್ಷತಾ ವಿಭಾಗಕ್ಕೆ ಅವಳೂ ದರ್ಜಿಯೂ ಸೇರಿ ಪತ್ರ ಬರೆದರು, ಬಿಚ್ಚಿದ ಬಲ್ಬನ್ನೂ ಕಳಿಸಿದರು. ಪತ್ರ ತಲುಪಿದೆ ಎಂಬ ಉತ್ತರ ಬಂತು, ಇನ್ನೇನೂ ಬರಲಿಲ್ಲ. ಪೋಸ್ಟರಿನಿಂದ ತನ್ನ ಮುಖ ತೆಗೆಯಿರಿ ಎಂದು ಬರೆದದ್ದಕ್ಕೆ, ಫೋಟೋ ಕಂಪನಿಯ ಸ್ವತ್ತು ಎಂದು ಅಳಿಯಂದಿರ ಸಹಿ ಇರುವ ಸೌಜನ್ಯದ ಓಲೆ ಬಂತು. ಒಮ್ಮೆ ದರ್ಜಿಯ ಕೋಣೆಗೆ ಪ್ಯಾಂಟು ಗಿಡ್ಡ ಮಾಡಿಸಲು ಬಂದವನೊಬ್ಬ, “ನೀವು ಆ ಬಲ್ಬಿನೋರಲ್ವಾ?” ಎಂದು ಕೇಳಿದ. “ಹೌದು. ಆ ಬಲ್ಬು ತಗೋಬೇಡಿ, ಅದರಲ್ಲಿ ಫ್ಯೂಸಿಲ್ಲ. ಎಷ್ಟು ಇಂಚು ತೆಗೀಬೇಕು?” ಅಂದಳು ಭೂತಕ್ಕ. ಆಮೇಲೆ ಕೇಳಿದವರಿಗೆಲ್ಲ ಅದನ್ನೇ ಹೇಳಿದಳು. ಕೆಲವರು ನಂಬಿದರು. ಕೆಲವರು, ಕೆಲಸ ಹೋದ ಹೊಟ್ಟೆಕಿಚ್ಚು ಅಂದುಕೊಂಡರು.

ಪ್ಲಾಸ್ಟರ್ ಬಿಚ್ಚಿದ ಮೇಲೂ ದರ್ಜಿಯ ಮಣಿಕಟ್ಟು ಪೂರ್ತಿ ತಿರುಗಲಿಲ್ಲ. ಕತ್ತರಿ ಹಿಡಿಯಬಹುದು, ಮೆಷಿನ್ನಿನಲ್ಲಿ ಬಟ್ಟೆ ತಿರುಗಿಸಿಕೊಳ್ಳಲಾಗುವುದಿಲ್ಲ. ಹಾಗಾಗಿ ದರ್ಜಿ ಅಳತೆ ತೆಗೆದು ಕತ್ತರಿಸುತ್ತಾಳೆ, ಭೂತಕ್ಕ ಹೊಲಿಯುತ್ತಾಳೆ. ಮೊದಲ ಅಂಗಿ ಮುಗಿಸಿದ ದಿನ ಅವಳು ಅದನ್ನು ದರ್ಜಿಯ ಮುಂದೆ ಹರಡಿದಳು. ದರ್ಜಿ ತೋಳಿನ ಹೊಲಿಗೆಯನ್ನು ಎರಡು ಕಡೆ ಜಗ್ಗಿ ನೋಡಿದಳು.

“ಬಿಚ್ಚಿ.”

“ಯಾಕೆ? ನೇರವಾಗಿದೆಯಲ್ಲ.”

“ನೇರವಾಗಿದೆ. ಆದ್ರೆ ಹತ್ತು ಸಲ ಒಗೆದ್ರೆ ಬಿಟ್ಕೊಳ್ಳತ್ತೆ. ಬಿಚ್ಚಿ, ಮತ್ತೆ ಹಾಕಿ.”

ಭೂತಕ್ಕ ಸೂಜಿಯ ಮೊನೆಯಿಂದ ಮೊದಲ ಎಳೆ ಎತ್ತಿ ಬಿಚ್ಚತೊಡಗಿದಳು.